ಬೆಲ್ಟಿನ ವೇಗ, ಕೈಯ ವೇಗ

ಯಶವಂತಪುರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿಂದೆ ಒಂದು ತಗಡಿನ ಶೆಡ್ಡಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ಗದಗಿನ ಕಡೆಯಿಂದ ಬಂದ ನನ್ನ ಗಂಡ ಇಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ರಜೆ ಸಿಕ್ಕಾಗಲೆಲ್ಲ ಗುಜರಿಯಿಂದ ಮೋಟಾರು, ಕಬ್ಬಿಣದ ತುಂಡುಗಳನ್ನು ತಂದು, ಆ ಶೆಡ್ಡಿನಲ್ಲಿ ಮರ ಕೆತ್ತುವ ಯಂತ್ರವೊಂದನ್ನು ಜೋಡಿಸಿದ್ದರು. ಒಂದು ಕಡೆ ಅಚ್ಚಿನ ಹೂವಿನ ಮೇಲೆ ಮೊಂಡು ಮೊಳೆಯನ್ನು ಆಡಿಸಿದರೆ, ಇನ್ನೊಂದು ಕಡೆ ತಿರುಗುವ ಕಟ್ಟರ್ ಅದೇ ಹೂವನ್ನು ಹಲಗೆಯಲ್ಲಿ ಕೊರೆಯುತ್ತಿತ್ತು. ದೇವರ ಮಂಟಪ, ಕನ್ನಡಿ ಚೌಕಟ್ಟು, ಹಸೆಮಣೆ, ಹೀಗೆ ಸುತ್ತಮುತ್ತಲಿನವರು ಹೇಳಿದ್ದನ್ನು ಮಾಡಿಕೊಡುತ್ತಿದ್ದೆವು.

ಕೆಲಸ ಇಬ್ಬರ ನಡುವೆ ಹಂಚಿಹೋಗಿತ್ತು. ಮೋಟಾರಿಗೆ ದೊಡ್ಡದು ಚಿಕ್ಕದು ಗಾಲಿಗಳಿದ್ದವು. ಬೆಲ್ಟನ್ನು ಯಾವುದರ ಮೇಲೆ ಹಾಕಬೇಕು, ಕಟ್ಟರ್ ಎಷ್ಟು ಜೋರಾಗಿ ತಿರುಗಬೇಕು ಎಂಬುದು ಅವರ ತೀರ್ಮಾನ. ಅದು ಮರದೊಳಗೆ ಎಷ್ಟು ಬೇಗ ಸಾಗಬೇಕು ಎಂಬುದು ಹಿಡಿಕೆ ಹಿಡಿದ ನನ್ನ ಕೈಗೆ ಬಿಟ್ಟದ್ದು. ತೀರ ನಿಧಾನ ಮಾಡಿದರೆ ಮರ ಸೀದು ಕಪ್ಪಾಗುತ್ತಿತ್ತು. ಅವಸರ ಮಾಡಿದರೆ ಕಟ್ಟರ್ ನಡುಗಿ ಹೂವಿನ ಅಂಚು ಸೀಳುತ್ತಿತ್ತು. ತೇಗದ ಹದ ಬೇರೆ, ಬೀಟೆಯ ಹದ ಬೇರೆ.

ಆ ಭಾನುವಾರ ಬೀಟೆ ಮರ. ಹೆಬ್ಬಾಳದ ಒಂದು ಗೃಹಪ್ರವೇಶಕ್ಕೆ ಸಂಜೆಯೊಳಗೆ ಮಂಟಪ ಮುಟ್ಟಿಸಬೇಕಿತ್ತು. ಸಣ್ಣ ಬಳ್ಳಿಗಳಿದ್ದುದರಿಂದ ತೆಳುವಾದ ಕಟ್ಟರ್ ಹಾಕಿ, ಅವರು ಬೆಲ್ಟನ್ನು ಅತಿ ವೇಗದ ಗಾಲಿಗೆ ಏರಿಸಿದರು.

"ಲಗೂನ ಮುಗಸು. ಪಾಲಿಶ್ ಒಂದು ಬಾಕಿ ಐತಿ," ಎಂದರು.

ನಾನು ಹಿಡಿಕೆಯನ್ನು ಜೋರಾಗಿ ದೂಡಿದೆ. ಸದ್ದು ಕರ್ಕಶವಾಯಿತು. ಕೇಳಿಸಿದರೂ ಕೈ ತಡೆಯಲಿಲ್ಲ. ಕಟ್ಟರ್ ಮುರಿದು ಅದರ ಚೂರು ನನ್ನ ಎಡಗಣ್ಣಿಗೆ ಹೊಡೆಯಿತು.

ಕಣ್ಣಿನ ಗುಡ್ಡೆ ಉಳಿಯಿತು, ನೋಟ ಉಳಿಯಲಿಲ್ಲ. ಆ ಕಣ್ಣಿಗೆ ಈಗಲೂ ಹಗಲು ರಾತ್ರಿಯ ವ್ಯತ್ಯಾಸವಷ್ಟೇ ಗೊತ್ತು.

ಆಸ್ಪತ್ರೆಯ ಮಂಚದ ಮೇಲೇ ಅವರಿಗೆ ಹೇಳಿದೆ: "ನೀವು ಹಚ್ಚಿದ ಸ್ಪೀಡ್ ಸರಿ ಇತ್ರಿ. ನಾನೇ ಜೋರ್ ದೂಡೀನಿ."

"ನನಗ ಸಮಾಧಾನ ಮಾಡಾಕ ಸುಳ್ಳ ಹೇಳಬ್ಯಾಡ," ಎಂದು ಅವರು ಮುಖ ತಿರುಗಿಸಿದರು. ಆಮೇಲೂ ಎಷ್ಟೋ ಸಲ ಹೇಳಿದೆ. ನಂಬಲೇ ಇಲ್ಲ. ಅಷ್ಟು ವೇಗದ ಗಾಲಿಗೆ ಬೆಲ್ಟ್ ಹಾಕಿದ್ದರಿಂದಲೇ ಚೂರು ಅಷ್ಟು ಬಿರುಸಾಗಿ ಹಾರಿತು ಎಂಬುದು ಅವರ ಲೆಕ್ಕ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಯಂತ್ರಕ್ಕೆ ತಾಡಪಾಲು ಹೊದಿಸಿ, ಶೆಡ್ಡಿಗೆ ಬೀಗ ಹಾಕಿದರು. ಪಾಳಿ ಮುಗಿಸಿ ಬಂದವರು ರೊಟ್ಟಿ ಬಡಿಯಲು ಕೂರುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ಬಾವಿಕಟ್ಟೆಯಲ್ಲಿ ಅವರನ್ನು ನೋಡಿ ಮನೆ ಒಡತಿ ಬೆರಗಾದರು. ಆಕೆ ಅಟ್ಟೂರಿನ ಕಡೆಯ ಹಳೆಯ ಮನೆತನದವರು. "ಇಂಗೆ ಸೀರೆ ಒಗ್ಯೋ ಗಂಡಸ್ನ ನಾನೆಲ್ಲೂ ನೋಡ್ನಿಲ್ಲ ಕಣವ್ವ. ಪುಣ್ಯ ಮಾಡಿದ್ದೀಯ," ಎಂದರು. ನಾನು ನಗಲು ನೋಡಿದೆ. ಅದು ಪ್ರೀತಿ ಮಾತ್ರವಲ್ಲ, ದಂಡ ಎಂದು ಆಕೆಗೆ ಹೇಗೆ ಹೇಳಲಿ? ನಾನು ಮಾಡಿದ ತಪ್ಪಿನ ದಂಡವನ್ನು ಆ ಮನುಷ್ಯ ತೆರುತ್ತಿದ್ದರು, ನಾನು ಕೂತು ತಿನ್ನುತ್ತಿದ್ದೆ.

ಒಂದು ದಿನ ಇದಕ್ಕಿಂತ ಕೆಟ್ಟದ್ದು ನಡೆಯಿತು. ದೀಪಾವಳಿಗೆ ನನ್ನ ತವರಿಗೆ ಹೋಗಬೇಕೋ, ಅವರ ಅಣ್ಣನ ಮನೆಗೋ ಎಂದು ಜಗಳವಾಯಿತು. ಅವರು ಅಪರೂಪಕ್ಕೆ ಪಟ್ಟು ಹಿಡಿದಿದ್ದರು. ನಾನು ಮಾತು ನಿಲ್ಲಿಸಿ, ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ಕೂತೆ. ಕಣ್ಣು ನೋಯುತ್ತಿರಲಿಲ್ಲ.

ಅವರ ಮುಖ ಒಮ್ಮೆಲೇ ಬಾಡಿತು. "ನಿಮ್ಮ ತವರಿಗೇ ಹೋಗೂಣು," ಎಂದರು.

ತವರಿನಲ್ಲಿ ಹಬ್ಬದ ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟೆ. ಆ ಕೈ ಕಣ್ಣಿನ ಮೇಲೆ ಹೋದದ್ದು ಯಾಕೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಮ್ಮೆ ಹೋಗುವುದಿಲ್ಲ ಎಂಬ ಧೈರ್ಯವೂ ಇರಲಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ, ಅವರು ಮನೆಯಲ್ಲಿದ್ದ ಒಂದು ಬೆಳಿಗ್ಗೆ ಶೆಡ್ಡಿನ ಬೀಗ ತೆಗೆದೆ. ತಾಡಪಾಲು ಎಳೆದು, ಬೀಟೆಯ ತುಂಡೊಂದನ್ನು ಬಿಗಿದೆ. ಅಂಥದೇ ತೆಳು ಕಟ್ಟರ್, ಅದೇ ಗಾಲಿ. ಅವರ ವೆಲ್ಡಿಂಗ್ ಕನ್ನಡಕದ ಕಪ್ಪು ಗಾಜು ಬಿಚ್ಚಿ, ಬಿಳಿ ಗಾಜು ಉಳಿಸಿ ಹಾಕಿಕೊಂಡೆ. ಮೋಟಾರಿನ ಸದ್ದು ಕೇಳಿ ಓಡಿಬಂದರು.

"ಏ, ಬಂದ್ ಮಾಡ! ನಿನಗ ಹುಚ್ಚು ಹಿಡದೈತೇನ?"

"ಅಲ್ಲೇ ನಿಂತು ಕೇಳ್ರಿ."

ನಿಧಾನವಾಗಿ, ಒಂದೇ ಸಮನೆ ದೂಡಿದೆ. ಕಟ್ಟರ್ ಹಾಡಿದಂತೆ ಸಾಗಿತು. ಬಳ್ಳಿಯ ಅಂಚು ನುಣುಪಾಗಿ ಬಂತು. ಆಮೇಲೆ ಬೇಕೆಂದೇ ಕೈಯನ್ನು ತುಸು ಬಿರುಸು ಮಾಡಿದೆ. ಅದೇ ಕರ್ಕಶ ಸದ್ದು, ಹಲಗೆಯ ಅದುರು. ಕೂಡಲೇ ಹಿಂದೆಳೆದು ಮೋಟಾರು ನಿಲ್ಲಿಸಿದೆ.

ಅವರು ಹತ್ತಿರ ಬಂದು ಬಳ್ಳಿಯ ನುಣುಪು ಭಾಗವನ್ನೂ ಸೀಳಿದ ಭಾಗವನ್ನೂ ಬೆರಳಿನಿಂದ ಸವರಿದರು.

"ಸ್ಪೀಡ್ ಸರಿ ಇತ್ತು," ಎಂದರು ಕೊನೆಗೆ. "ಆದ್ರ, ಲಗೂನ ಮುಗಸು ಅಂದಾಂವ ನಾನೇ ಅಲ್ಲಾ?"

ಅವರ ಹೊರೆಯನ್ನು ಪೂರ್ತಿ ಇಳಿಸುತ್ತೇನೆಂದು ಬಂದವಳು ಅರ್ಧವನ್ನಷ್ಟೇ ಇಳಿಸಿದ್ದೆ. "ಹಬ್ಬದ ಜಗಳದಾಗ ನನ್ನ ಕಣ್ಣು ನೋಯಾಕತ್ತಿರಲಿಲ್ಲರಿ," ಎಂದೆ.

"ಗೊತ್ತಿತ್ತು," ಎಂದರು ಅವರು.

ಆಮೇಲೆ ಯಂತ್ರ ಮತ್ತೆ ನಡೆಯಿತು. ಕಟ್ಟರಿನ ಮುಂದೆ ದಪ್ಪ ಪ್ಲಾಸ್ಟಿಕ್ಕಿನ ಪರದೆಯೊಂದನ್ನು ಅವರು ಕೂರಿಸಿದರು. ಹಿಡಿಕೆ ಹಿಡಿದವರೇ ಬೆಲ್ಟನ್ನೂ ಹಾಕಬೇಕೆಂದು ಮಾತಾಯಿತು. ಮೊದಲ ಕೆಲಸ ಮನೆ ಒಡತಿಯ ಮಗಳ ಮದುವೆಯ ಹಸೆಮಣೆ. ಸದ್ದು ಸ್ವಲ್ಪ ಬದಲಾದರೂ ಹಿಂದೆ ನಿಂತ ಗಂಡ ನನ್ನ ಭುಜ ಹಿಡಿಯುತ್ತಿದ್ದರು. ಕೈ ಅಲುಗಿ ಗೆರೆ ಕೆಡುತ್ತಿತ್ತು. ತಾಳಲಾರದೆ "ಹೊರಗ ಹೋಗ್ರಿ ನೀವು!" ಎಂದು ಗದರಿದೆ.

ಹೋದರು. ಸ್ವಲ್ಪ ಹೊತ್ತಿಗೆ ಬಲಗಣ್ಣಿನ ಅಂಚಿನಲ್ಲಿ ಕಂಡಿತು: ಕಿಟಕಿಯ ಸರಳು ಹಿಡಿದು ನಿಂತಿದ್ದಾರೆ, ನನ್ನ ಕೈಯನ್ನೇ ನೋಡುತ್ತಿದ್ದಾರೆ. ಒಳಗೆ ಕರೆಯಬೇಕೆನಿಸಿತು. ಆದರೆ ಕಟ್ಟರ್ ಹೂವಿನ ನಡುವೆ ಇತ್ತು, ಅಲ್ಲಿ ಕೈ ನಿಲ್ಲಿಸಿದರೆ ಮರ ಸೀಯುತ್ತದೆ. ಎಸಳು ಮುಗಿಸಿ, ಮೋಟಾರು ಆರಿಸಿ, ಆಮೇಲೆ ಕರೆದೆ.