ಗಂಗಲಕ್ಷ್ಮಿಯ ಜರಡಿ ಮೈಕು

ದಂಡಿನಶಿವರದ ಸಣ್ಣತಿಮ್ಮಯ್ಯ ಮೂಡಲಪಾಯ ಯಕ್ಷಗಾನದ ಭಾಗವತ. ಒಮ್ಮೆ ಆಟದ ನಡುವೆ ಗ್ಯಾಸ್‌ಲೈಟು ಕೈಕೊಟ್ಟು ರಂಗದ ಮೇಲೆಲ್ಲ ಕತ್ತಲಾಯಿತು. ಜನ ಏಳಲಿಲ್ಲ. ದೀಪ ಬರುವ ತನಕ ಆತ ಕತ್ತಲಲ್ಲೇ ಹಾಡಿ ಯುದ್ಧ ಮುಗಿಸಿದ. ಕೆರೆ ಏರಿಯ ಆಚೆ ಮಲಗಿದ್ದವರಿಗೂ ಗೆದ್ದವರು ಯಾರೆಂದು ಗೊತ್ತಾಗಿತ್ತು. ಆತನ ಹೆಂಡತಿ ಪುಟ್ಟಗಂಗಮ್ಮ ಸೋಬಾನೆಗೆ ಹೆಸರಾದವಳು. ಹೊತ್ತು ಮೀರಿತೆಂದು ಪುರೋಹಿತರು ಎಷ್ಟು ಚಡಪಡಿಸಿದರೂ ಆಕೆಯ ಹಾಡು ಮುಗಿಯದೆ ಯಾರೂ ಧಾರೆಯ ಚೆಂಬಿಗೆ ಕೈ ಹಾಕುತ್ತಿರಲಿಲ್ಲ. ಇವರ ಮಗಳು ರಾಮಕ್ಕ ಹಾಡಿದವಳಲ್ಲ. ಅವಳ ಕೀರ್ತಿ ಇದ್ದದ್ದು ಅಟ್ಟದಲ್ಲಿ. ಅಟ್ಟಕ್ಕೆ ಏರಿಸಿದ ಸಿಪ್ಪೆಗಾಯಿ ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗುವುದಕ್ಕೆ ಹೆಚ್ಚುಕಮ್ಮಿ ವರ್ಷ ಬೇಕು. ಆ ರಾಶಿಯಲ್ಲಿ ಒಂದು ಕಾಯಿ ಕೆಟ್ಟರೂ ರಾಮಕ್ಕ ಕೆಳಗೆ ನಿಂತು ಮೂಸಿಯೇ ಹೇಳುತ್ತಿದ್ದಳು, ಯಾವ ಮೂಲೆಯದೆಂದು.

ಆ ರಾಮಕ್ಕನ ಮಗಳು ಗಂಗಲಕ್ಷ್ಮಿ. ನಾನು ಅವರ ಪಕ್ಕದ ಮನೆಯವನು. ಯಾವ ಗುರುವಿಗೂ ಕಾಯಿ ಒಡೆಯದೆ ಹಾರ್ಮೋನಿಯಂ ಕಲಿತವನು, ರೇಡಿಯೊ ಬಿಚ್ಚಿ ಮತ್ತೆ ಮಾತಾಡಿಸಿದವನು. ಆದ್ದರಿಂದ ದನಿಯ ವಿಷಯದಲ್ಲಿ ನನ್ನ ಮಾತನ್ನು ಧಾರಾಳವಾಗಿ ನಂಬಬಹುದು.

ಗಂಗಲಕ್ಷ್ಮಿಗೆ ಅಜ್ಜಿಯ ಹಾಡುಗಳೆಲ್ಲ ಬಂದವು, ಅಜ್ಜನ ಗಂಟಲು ಬರಲಿಲ್ಲ. ನೂಲೆಳೆದಂಥ ದನಿ ಅವಳದು. ಎಲ್ಲೂ ತುಂಡಾಗದು, ಆದರೆ ಚಪ್ಪರದ ಎರಡನೇ ಸಾಲು ದಾಟದು. ಸೋಬಾನೆ ಒಬ್ಬರ ಹಾಡಲ್ಲ. ಒಬ್ಬಳು ಸಾಲು ಎತ್ತಿಕೊಡಬೇಕು, ಸುತ್ತ ಕೂತವರು ಅದಕ್ಕೆ ಮರುದನಿಯಾಗಿ ಸೊಲ್ಲು ಹಿಡಿಯಬೇಕು. ಎತ್ತಿಕೊಡುವವರು ಒಬ್ಬೊಬ್ಬರಾಗಿ ಮಣ್ಣಿಗೆ ಹೋದ ಮೇಲೆ, ಸೊಲ್ಲು ಹಿಡಿಯುವವರು ಹೂ ಮುಡಿದು ಪ್ಲಾಸ್ಟಿಕ್ ಕುರ್ಚಿಯಲ್ಲಿ ತೆಪ್ಪಗೆ ಕೂತರು. ಮದುವೆಮನೆ ಸಿನಿಮಾ ಹಾಡಿನ ಪಾಲಾಯಿತು.

ಇದು ಗಂಗಲಕ್ಷ್ಮಿಗೆ ತೀರದ ಕೊರಗಾಗಿತ್ತು. ಎತ್ತಿಕೊಡುವ ಸಾಲನ್ನು ಮೊಬೈಲಿನಲ್ಲಿ ತಾನು ಹಾಡಿಡಬೇಕು, ಸೊಲ್ಲಿನ ಜಾಗವನ್ನು ಖಾಲಿ ಬಿಡಬೇಕು, ಅದು ಸ್ಪೀಕರಿನಲ್ಲಿ ಬಂದಾಗ ಹೆಂಗಸರು ತುಂಬಿಕೊಳ್ಳಬೇಕು ಎಂಬುದು ಅವಳ ಲೆಕ್ಕ. ತುರುವೇಕೆರೆಯಲ್ಲಿ ಶಾಮಿಯಾನ, ಮೈಕು ಬಾಡಿಗೆಗೆ ಕೊಡುವ ಲಿಯಾಕತ್ ಅಲಿ ಒಪ್ಪಿದರೆ ಸುತ್ತಲ ಮದುವೆಗಳಿಗೆಲ್ಲ ಹಾಡು ಮುಟ್ಟುತ್ತಿತ್ತು. ಅಡುಗೆಮನೆಯಲ್ಲಿ ಹಾಡಿ ಅವನಿಗೆ ಕಳಿಸಿದಳು.

ಲಿಯಾಕತ್ ಕೇಳಿದವನೇ ಫೋನ್ ಮಾಡಿದ. "ಗಂಗಕ್ಕ, ಬಾವಿಯೊಳಗೆ ಇಳಿದು ಹಾಡಿದ್ಯೇನಕ್ಕ? ನೀನು ನಿಲ್ಸಿದ್ರೂ ನಿನ್ನ ದನಿ ನಿಲ್ತಾ ಇಲ್ಲ. ಸೊಲ್ಲು ಹಿಡಿಯೋರು ನಿನ್ನ ದನಿ ಮೇಲೇ ಬೀಳ್ತಾರೆ."

"ಸರಿಮಾಡಿ ಕೊಟ್ರೆ ಹಾಕ್ತೀಯೇನಪ್ಪ?"

"ಮದುವೆ ಸೀಜನ್ ಶುರುವಾಗೋದ್ರೊಳಗೆ ಕೊಡು, ನಾನು ಹೋದ ಕಡೆಯೆಲ್ಲಾ ಮೊದಲು ನಿಂದೇ. ಕೊಡ್ಲಿಲ್ಲ ಅಂದ್ರೆ ಸಿನಿಮಾನೇ ಗತಿ."

ಆ ಮಾತು ಅವಳಿಗೆ ಸವಾಲಾಯಿತು. ಕೆಟ್ಟುಹೋದ ಹೆಡ್‌ಫೋನಿನ ಪುಟ್ಟ ಮೈಕು ಬಿಡಿಸಿಕೊಂಡಳು. ಅದನ್ನು ನೇರವಾಗಿ ಕೈಯಲ್ಲಿ ಹಿಡಿದರೆ ಬಳೆಯ ಸದ್ದೂ ಬೀಳುತ್ತದೆಂದು, ತಳ ಕಿತ್ತ ಜರಡಿಯ ಅಂಚಿಗೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಕಟ್ಟಿ ನಡುವೆ ತೂಗುಬಿಟ್ಟಳು. ಪಕಾರ, ಬಕಾರ ಬಂದಾಗ ಉಸಿರು ಬಡಿದು ಡಬ್ ಎನ್ನುತ್ತಿತ್ತು. ಅದಕ್ಕೆ ರಾಮಕ್ಕನ ಹಳೆಯ ವಾಯಿಲ್ ಸೀರೆಯ ಸೆರಗನ್ನು ಎರಡು ಪದರ ಮಾಡಿ, ಇನ್ನೊಂದು ಜರಡಿಯ ಅಂಚಿಗೆ ಬಿಗಿದು ಮುಂದೆ ನಿಲ್ಲಿಸಿದಳು. ಬಾಯಿಗೂ ಬಟ್ಟೆಗೂ ಒಂದು ಗೇಣು. ಟಿವಿ, ಬಸ್ಸಿನ ಗಲಾಟೆ ತಪ್ಪಿಸಲು ಹಿತ್ತಿಲ ಕೊಬ್ಬರಿ ಮನೆಗೆ ಹೋಗಿ, ಅಟ್ಟದ ಕೆಳಗೆ ಮಣೆ ಹಾಕಿಕೊಂಡು ಕೂತಳು.

ಹಾಡಿ ನನಗೆ ಕೇಳಿಸಿದಳು. ಕಿವಿಯ ಪಕ್ಕ ಕೂತು ಹಾಡಿದ ಹಾಗಿತ್ತು. ಸೊಲ್ಲಿನ ಜಾಗ ಗುಡಿಸಿ ಸಾರಿಸಿದ ಅಂಗಳದಂತೆ ಚೊಕ್ಕಟ. ಲಿಯಾಕತ್ ಹಿಗ್ಗಿದ. "ಯಾವ ಮೈಕು ಕೊಂಡ್ಯಕ್ಕ?" ಎಂದ. "ಜರಡಿ ಮೈಕು ಕಣಪ್ಪ," ಎಂದು ನಕ್ಕಳು. ಊರಲ್ಲೆಲ್ಲ ಜರಡಿ ಮೈಕಿನದೇ ಮಾತಾಯಿತು. ಕಂದಿಕೆರೆಯಿಂದ ಬಂದ ನೆಂಟಳೊಬ್ಬಳು ಅದನ್ನು ನೋಡಿಕೊಂಡು ಹೋಗಿ ತನ್ನ ಮನೆಯಲ್ಲೂ ಒಂದು ಜರಡಿಯ ತಳ ಕಿತ್ತು ಅತ್ತೆಯಿಂದ ಬೈಸಿಕೊಂಡಳು.

ಅರ್ಧದಷ್ಟು ಹಾಡುಗಳು ಮುಗಿದಿದ್ದವು. ಅಷ್ಟರಲ್ಲಿ ತಿಪಟೂರಿನಲ್ಲಿ ಕೊಬ್ಬರಿ ರೇಟು ಏರಿತು. ಗಂಡ ಶಿವರಾಜು ತಡಮಾಡಲಿಲ್ಲ. ಅಟ್ಟದ ಕಾಯಿ ಇಳಿಸಿ, ಸುಲಿಸಿ, ಒಡೆಸಿ, ಕೊಬ್ಬರಿಯನ್ನು ಮಾರುಕಟ್ಟೆಗೆ ಸಾಗಿಸಿದ. ಸುಲಿದ ನಾರುಸಿಪ್ಪೆ, ಅಂದರೆ ಮಟ್ಟೆ, ಹಿತ್ತಿಲಲ್ಲಿ ಗುಡ್ಡೆ ಬಿತ್ತು.

ಮಾರನೆಯ ವಾರ ಉಳಿದ ಹಾಡಿಗೆ ಕೂತರೆ ಬಾವಿ ಮತ್ತೆ ಬಾಯ್ತೆರೆದಿತ್ತು. ಅದೇ ಜರಡಿ, ಅದೇ ಮಣೆ, ಅದೇ ಗಂಟಲು. ಸೊಲ್ಲಿನ ಜಾಗದಲ್ಲಿ ಅವಳದೇ ದನಿ ಗುಂಯ್ ಎಂದು ಸುತ್ತುತ್ತಿತ್ತು. ಟ್ಯೂಬು ಬದಲಿಸಿದಳು. ಸೆರಗು ಒಗೆದು ಬಿಗಿದಳು. ಮೂರು ಪದರ ಮಾಡಿದಳು, ಒಂದೇ ಪದರ ಮಾಡಿದಳು. ಬಟ್ಟೆಗೆ ಗಂಜಿ ಹಾಕಿ ನೋಡು ಎಂದು ಲಿಯಾಕತ್ ಹೇಳಿದ, ಅದೂ ಆಯಿತು. ಶಿವರಾಜು ಊಟಕ್ಕೆ ಕೂತವನು ಅವಳ ಮುಖ ನೋಡಿ, "ಜರಡಿಗೆ ದೃಷ್ಟಿ ತಗುಲ್ಯದೆ ಕಣೇ. ಮೆಣಸಿನಕಾಯಿ ನೀವಾಳ್ಸು," ಎಂದ.

"ನಿಮ್ಮ ಬಾಯಿಗೆ ನೀವಾಳ್ಸ್ತೀನಿ, ಸುಮ್ಕೆ ಉಣ್ರೀ," ಎಂದಳು. ಕಣ್ಣಲ್ಲಿ ನೀರಿತ್ತು. ಮದುವೆಗಳು ಎದುರಿಗೇ ನಿಂತಿದ್ದವು.

ಹೊಸ ಕಾಯಿ ಏರಿಸುವ ಮೊದಲು ಅಟ್ಟ ಗುಡಿಸಬೇಕು. ಆ ಮಧ್ಯಾಹ್ನ ಏಣಿ ಹತ್ತಿ ಗುಡಿಸುತ್ತಿದ್ದವಳಿಗೆ ದೂಳು ಮೂಗಿಗೇರಿ ಸೀನು ಬಂತು. ಸೀನು ತಗಡಿನ ಸೂರಿಗೆ ಬಡಿದು, ಗೋಡೆಗೆ ಬಡಿದು, ಅವಳ ಕಿವಿಗೇ ವಾಪಸು ಬಂತು. ಪೊರಕೆ ಹಿಡಿದವಳು ಹಾಗೇ ನಿಂತಳು. ಬೇಕೆಂದೇ ಇನ್ನೊಮ್ಮೆ "ಓ" ಎಂದಳು. ಅದೂ ಬಂತು. ಏಣಿ ಇಳಿದು ನೇರ ನಮ್ಮ ಜಗಲಿಗೆ ಓಡಿಬಂದಳು.

"ಮಾವ, ಜರಡಿದೇನೂ ತಪ್ಪಿಲ್ಲ. ದನಿ ನುಂಗ್ತಿದ್ದಿದ್ದು ಕಾಯಿ! ನಾವು ಅದ್ನೇ ಮಾರ್ಕೊಂಡ್ವಿ!"

ಹೌದು. ತಲೆಯ ಮೇಲೆ ಸಂದುಬಿಟ್ಟು ಹಾಸಿದ ಬಿದಿರಿನ ಅಟ್ಟದ ತುಂಬ ನಾರಿನ ಸಿಪ್ಪೆ ಹೊದ್ದ ಕಾಯಿ ಇರುವಾಗ ದನಿಗೆ ತಿರುಗಿ ಬರಲು ದಾರಿಯೇ ಇರಲಿಲ್ಲ. ಬರಿ ತಗಡು ಉಳಿದಾಗ ಅದು ಚೆಂಡಿನಂತೆ ಪುಟಿಯಿತು. ಜರಡಿ ತನ್ನ ಕೆಲಸವನ್ನಷ್ಟೇ ಮಾಡಿತ್ತು, ಹೊಗಳಿಕೆಯನ್ನೆಲ್ಲ ಅದೊಂದೇ ಬಾಚಿಕೊಂಡಿತ್ತು.

ಹೊಸ ಕಾಯಿ ಅಟ್ಟ ತುಂಬುವಷ್ಟು ಬರಲು ಇನ್ನೂ ಕಾಲವಿತ್ತು. ಗಂಗಲಕ್ಷ್ಮಿ ಕಾಯಲಿಲ್ಲ. ಹಿತ್ತಿಲಿನ ಗುಡ್ಡೆಯಿಂದ ಮಟ್ಟೆಯನ್ನು ಬುಟ್ಟಿಗೆ ತುಂಬಿ ಅಟ್ಟಕ್ಕೆ ಏರಿಸತೊಡಗಿದಳು. ನಮ್ಮ ಸೀಮೆಯಲ್ಲಿ ಮಟ್ಟೆ ಹೋಗುವುದು ನಾರಿನ ಕಾರ್ಖಾನೆಗೆ, ಇಲ್ಲವೆ ಬಚ್ಚಲ ಒಲೆಗೆ. ಅಟ್ಟಕ್ಕೆ ಹೋದ ಚರಿತ್ರೆ ಇಲ್ಲ. ದಾರಿಯಲ್ಲಿ ಹೋಗುತ್ತಿದ್ದ ನಮ್ಮೂರಿನ ತೋಂಟದಾರ್ಯ ಬೇಲಿಯ ಹತ್ತಿರ ನಿಂತೇಬಿಟ್ಟ.

"ಲೇ ಶಿವರಾಜ, ನಿನ್ ಹೆಂಡ್ತಿ ಮಟ್ಟೆಲಿ ಕೊಬ್ರಿ ಮಾಡ್ತಾಳೇನ್ಲಾ?"

"ಮಾಡಿದ್ರೂ ಮಾಡ್ತಾಳೆ ಕಣ್ಲಾ. ನಿಂಗೂ ಒಂದು ಉಂಡೆ ಕಳುಸ್ತೀನಿ ಹೋಗು," ಎಂದ ಶಿವರಾಜು, ಇನ್ನೊಂದು ಬುಟ್ಟಿ ಹೆಗಲಿಗೇರಿಸುತ್ತ.

ನಾರಿನ ಮಗ್ಗುಲು ಕೆಳಗಾಗಿ ಮಟ್ಟೆ ಹರಡಿದರು. ಉಳಿದದ್ದನ್ನು ಗೋಣಿಚೀಲಕ್ಕೆ ತುಂಬಿ ಗೋಡೆಗೆ ಒರಗಿಸಿದರು. ಮೊದಲು ದೂಳಿಗೆ ಅವಳಿಗೆ ಕೆಮ್ಮು ಹತ್ತಿತು. ನೀರು ಚಿಮುಕಿಸಿ, ದೂಳು ಕೂರಲು ಬಿಟ್ಟು, ಆಮೇಲೆ ಹಾಡಿದಳು. ಬಾವಿ ಮುಚ್ಚಿಹೋಗಿತ್ತು. ಕಾಯಿ ಇದ್ದಾಗಿನ ಹಾಡನ್ನೂ ಮಟ್ಟೆಯ ಹಾಡನ್ನೂ ಪಕ್ಕಪಕ್ಕ ಕೇಳಿದೆ. ಬೇರೆಯವರಿಗೆ ಗೊತ್ತಾಗದು, ನನಗೆ ಗೊತ್ತಾಯಿತು. ಮಟ್ಟೆಯದೇ ಒಂದು ಕೈ ಮೇಲು.

ತುರುವೇಕೆರೆಯ ಛತ್ರವೊಂದರಲ್ಲಿ ಮೊದಲ ಮದುವೆ. ಗಂಗಲಕ್ಷ್ಮಿ, ಶಿವರಾಜು, ನಾನು ಮೂವರೂ ಹೋಗಿದ್ದೆವು. ಅರಿಶಿನದ ಹೊತ್ತಿಗೆ ಲಿಯಾಕತ್ ಗುಂಡಿ ಒತ್ತಿದ. ಅವಳ ಸಣ್ಣ ದನಿ ಸ್ಪೀಕರ್ ಪೆಟ್ಟಿಗೆಯಿಂದ ಇಳಿದು ಒಂದು ಸಾಲು ಹೇಳಿ ನಿಂತಿತು. ಯಾರೂ ಸೊಲ್ಲು ಹಿಡಿಯಲಿಲ್ಲ. ಗಂಗಲಕ್ಷ್ಮಿ ನನ್ನ ತೋಳು ಹಿಡಿದದ್ದು ಗಾಯವಾಗುವಷ್ಟು ಬಿಗಿಯಾಗಿತ್ತು. ಎರಡನೇ ಸಾಲು ನಿಂತಾಗ, ಎಲೆ ಅಡಿಕೆ ಮೆಲ್ಲುತ್ತಿದ್ದ ಮುದುಕಿಯೊಬ್ಬಳು ಬಾಯಿ ಖಾಲಿಮಾಡಿಕೊಂಡು ಸೊಲ್ಲು ಎತ್ತಿದಳು. ಮೂರನೆಯದಕ್ಕೆ ಅವಳ ಸಾಲಿನವರೆಲ್ಲ ಸೇರಿದರು. ಆಮೇಲೆ ಕುರ್ಚಿಗಳು ತಾವಾಗಿಯೇ ಹಸೆಯ ಕಡೆಗೆ ತಿರುಗಿದವು.

ಅಲ್ಲಿ ವಿಡಿಯೊ ತೆಗೆಯುತ್ತಿದ್ದವನು ತಿಲಕ್. ತಿಪಟೂರಿನಲ್ಲಿ ಅವನದೇ ರೆಕಾರ್ಡಿಂಗ್ ಸ್ಟುಡಿಯೊ ಇದೆ. ಕೆಲಸ ಬಲ್ಲ ಹುಡುಗ, ಮನಸ್ಸೂ ಒಳ್ಳೆಯದು. ಲಿಯಾಕತ್‌ನಿಂದ ಅವಳ ಅಜ್ಜನ ಕಥೆಯೆಲ್ಲ ಕೇಳಿಕೊಂಡು, ಊಟದ ಹೊತ್ತಿಗೆ ಹುಡುಕಿಕೊಂಡು ಬಂದ.

"ಅಮ್ಮಾ, ರೆಕಾರ್ಡಿಂಗ್ ಬಲೇ ಕ್ಲೀನಾಗಿ ಅದೆ. ದುಡ್ಡೇನೂ ಬ್ಯಾಡ, ನಂಗೆ ಕೊಡಿ. ನಿಮ್ಮ ವಾಯ್ಸ್ ಸ್ವಲ್ಪ ಸಣ್ಣದು, ಮಿಷಿನ್ನಲ್ಲಿ ದಪ್ಪ ಮಾಡ್ತೀನಿ, ನಿಮ್ಮಜ್ಜನ ಥರಾನೇ ಕೇಳ್ತದೆ. ಮಧ್ಯ ಮಧ್ಯ ಖಾಲಿ ಬಿಟ್ಟಿದ್ದೀರಲ್ಲ, ಅಲ್ಲಿಗೆ ಕೀಬೋರ್ಡು, ಕೋರಸ್ಸು ತುಂಬುಸ್ತೀನಿ."

ಗಂಗಲಕ್ಷ್ಮಿ ಎಲೆಯ ತುದಿಗೆ ಉಪ್ಪು ಸರಿಸಿದಳು. ಅಜ್ಜನ ಗಂಟಲೆಂದರೆ ಆಸೆ ಇಲ್ಲದವಳಲ್ಲ ಅವಳು.

"ಬ್ಯಾಡ ಕಣಪ್ಪ ತಿಲಕ್, ನೀನು ಕೇಳಿದ್ದೇ ಸಾಕು. ನನ್ನ ದನಿ ದಪ್ಪಾದ್ರೆ ಇವ್ರೆಲ್ಲ ಬಾಯಿ ಮುಚ್ಕೊಂಡು ನನ್ನೇ ಕೇಳ್ತಾ ಕುಂತ್ಕತಾರೆ. ನೀನು ಖಾಲಿ ಅಂತೀಯಲ್ಲ, ಅದು ಆ ಮುದುಕಮ್ಮನ ಜಾಗ. ಅಲ್ಲಿಗೆ ಕೀಬೋರ್ಡು ತಂದು ಕೂರ್ಸಿದ್ರೆ ಆಯಮ್ಮ ಎಲ್ಲಿಗೆ ಹೋಗ್ಬೇಕು? ಏನೂ ಮಾಡ್ಬ್ಯಾಡ ಬುಡು. ಕೂತ್ಕೋ, ಪಾಯಸ ಬತ್ತಾ ಅದೆ."