ಮೊದಲು ಮನೆಯವರಿಗೆ ಹೇಳಿ ಬನ್ನಿ

ದಾನ ಕೊಡುವವರನ್ನು ಕೊಂಡಾಡುವ ಈ ಲೋಕದಲ್ಲಿ, ದಾನ ಪಡೆಯುವುದೂ ಒಂದು ವಿದ್ಯೆಯೆಂದು, ಅದಕ್ಕೂ ತಾಳ್ಮೆ, ಸಂಕೋಚ ಮತ್ತು ಮರ್ಯಾದೆ ಬೇಕೆಂದು ತಿಳಿದವರು ವಿರಳ. ನಮ್ಮ ಪ್ರಾರ್ಥನಾ ಮಂದಿರದ ದತ್ತಿ ವಿಭಾಗದಲ್ಲಿ ಯೌವನದಿಂದ ಇಂದಿನವರೆಗೂ ದುಡಿದು, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಕಾರ್ಯದರ್ಶಿಗಳು ಆ ವಿರಳರಲ್ಲೊಬ್ಬರು. ತಮ್ಮ ಕಾಲಾನಂತರ ಮನೆಯನ್ನೋ, ಅಂಗಡಿಯನ್ನೋ, ಉಳಿತಾಯದ ಒಂದು ಪಾಲನ್ನೋ ಮಂದಿರಕ್ಕೆ ಸೇರಿಸಬೇಕೆಂದು ಬಯಸುವವರ ಜೊತೆ ಕುಳಿತು, ಆ ಬಯಕೆಯನ್ನು ಉಯಿಲಿನ ರೂಪಕ್ಕೆ ತರುವುದು ಅವರ ಕಾಯಕ. ಸಮುದಾಯದ ಹಿರಿಯರೂ ಕಿರಿಯರೂ ಅವರನ್ನು ಕರೆಯುವುದು ‘ವಿಲ್ಲು ಮಾಮ’ ಎಂದೇ. ಮಂದಿರದ ಓದುವ ಕೋಣೆ, ವೃದ್ಧರ ವಸತಿ, ಹಿತ್ತಲಿನ ಸಣ್ಣ ಶಾಲೆ, ಇವೆಲ್ಲ ಅವರ ಮೇಜಿನ ಮೇಲೆ ಹಾದುಹೋದ ಉಯಿಲುಗಳ ಫಲ. ಈ ವಿಷಯವಾಗಿ ಅವರನ್ನು ಹೊಗಳುವ ಕೆಲಸವನ್ನು ಈ ಅಭಿನಂದನ ಸಂಪುಟದ ಉಳಿದ ಲೇಖಕರು ಧಾರಾಳವಾಗಿ ಮಾಡಿರುತ್ತಾರೆಂಬ ಭರವಸೆ ನನಗಿದೆ. ನಾನು ವೃತ್ತಿಯಿಂದ ವಕೀಲೆ. ಹೊಗಳುವುದಕ್ಕಿಂತ ವಾದಿಸುವುದು ನನಗೆ ಚೆನ್ನಾಗಿ ಬರುತ್ತದೆ, ಅವರೊಡನೆ ವಾದಿಸುವುದಂತೂ ನನಗೆ ಅಭ್ಯಾಸವಾಗಿಬಿಟ್ಟಿದೆ.

ಉಯಿಲುಗಳ ಕರಡು ಬರೆಯಲು ಮಂದಿರ ನನ್ನನ್ನು ನೇಮಿಸಿಕೊಂಡಾಗ ಅವರ ತಲೆ ಇನ್ನೂ ಕಪ್ಪಗಿತ್ತು, ನನ್ನ ನಾಲಿಗೆ ಈಗಿನದಕ್ಕಿಂತ ಹರಿತವಾಗಿತ್ತು. ದತ್ತಿ ವಿಭಾಗ ಇದ್ದುದು, ಈಗಲೂ ಇರುವುದು, ಮಂದಿರದ ಪಕ್ಕದ ಒಂದು ಹಳೆಯ ಮನೆಯ ಅಡುಗೆಮನೆಯಲ್ಲಿ. ಮನೆಯ ಉಳಿದ ಕೋಣೆಗಳೆಲ್ಲ ಕಚೇರಿಗಳಾಗಿ ಸುಣ್ಣಬಣ್ಣ ಕಂಡಿದ್ದರೂ, ಅಡುಗೆಮನೆಯಲ್ಲಿ ಒಂದು ಗೋಡೆ ಮಾತ್ರ ಒಲೆಯ ಹೊಗೆ ಹಿಡಿದು ಕಪ್ಪಗೇ ಉಳಿದಿತ್ತು. ಬಣ್ಣದವರು ಬಂದಾಗಲೆಲ್ಲ ಕಾರ್ಯದರ್ಶಿಗಳು ಎದ್ದು ಆ ಗೋಡೆಗೆ ಬೆನ್ನು ಕೊಟ್ಟು ನಿಂತು, “ಇದೊಂದನ್ನ ಬಿಟ್ಬಿಡಪ್ಪ” ಎನ್ನುತ್ತಿದ್ದರು. ಸುಣ್ಣಕ್ಕೂ ಕೈ ಬಿಗಿ ಎಂದು ಖಜಾಂಚಿಗಳು ನಗುತ್ತಿದ್ದರು. ನಾನೂ ಆ ನಗೆಯಲ್ಲಿ ಸೇರಿಕೊಳ್ಳುತ್ತಿದ್ದೆ.

ಮೊದಲ ವಾರದಲ್ಲೇ ಅವರ ಕೆಲಸದ ರೀತಿ ನನ್ನನ್ನು ಕಂಗೆಡಿಸಿತು. ಯಾರಾದರೂ ಬಂದು ಇಂಥದ್ದನ್ನು ಮಂದಿರಕ್ಕೆ ಬಿಟ್ಟುಹೋಗುತ್ತೇನೆಂದರೆ ಬೇರೆಯವರಾಗಿದ್ದರೆ ಕುರ್ಚಿ ಎಳೆದು ಕೂರಿಸಿ, ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಇವರು ಚಹಾ ತರಿಸುತ್ತಿದ್ದರು. ಬಂದವರು ಕುಡಿದು ಮುಗಿಸುವ ತನಕ ಮೊಮ್ಮಕ್ಕಳ ವಿಷಯ, ಮಂಡಿನೋವಿನ ವಿಷಯ ಮಾತಾಡಿ, ಕಡೆಯಲ್ಲಿ ಕೈಮುಗಿದು, “ಮೊದಲು ಮನೆಯವರಿಗೆ ಹೇಳಿ ಬನ್ನಿ. ನಾಳೆ ಬೇಡ, ಇವತ್ತೇ ಹೇಳಿ. ಬೇರೆಯವರ ಕೈಲಿ ಹೇಳಿಸ್ಬೇಡಿ, ನೀವೇ ಹೇಳಿ” ಎಂದು ಬಾಗಿಲವರೆಗೂ ಹೋಗಿ ಕಳಿಸಿಕೊಡುತ್ತಿದ್ದರು. ಮನೆಯವರಿಗೆ ಹೇಳಿದ್ದಾಯಿತೆಂಬ ಮಾತು ಕೊಡುವವರ ಬಾಯಿಂದಲೇ ಬರದ ಹೊರತು ನನ್ನ ಕರಡಿಗೆ ಅವರು ಕೈ ಹಾಕುತ್ತಿರಲಿಲ್ಲ. ಕಾನೂನಿನಲ್ಲಿ ಇದಕ್ಕೆ ಎಲ್ಲಿಯೂ ಜಾಗವಿಲ್ಲ ಎಂದು ನಾನು ತಲೆ ಚಚ್ಚಿಕೊಂಡಿದ್ದೇನೆ. “ಕಾನೂನು ಹೋದ ಮೇಲೆ ನೋಡ್ಕೊಳ್ಳುತ್ತೆ ಲಾಯರಮ್ಮ, ಇರೋವಾಗ ನೋಡ್ಕೋಬೇಕಾದದ್ದು ಬೇರೆ ಇರುತ್ತೆ” ಎಂಬುದು ಅವರ ಖಾಯಂ ಉತ್ತರವಾಗಿತ್ತು.

ಈ ಹಠದಿಂದ ಎಷ್ಟು ಮನೆಗಳು ಉಳಿದುಕೊಂಡವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಕೆಂಡದಂಥ ಮುಖ ಹೊತ್ತು ಬಂದು, ಸೊಸೆ ತಮಗೆ ಎದುರುತ್ತರ ಕೊಟ್ಟಳೆಂಬ ಕಾರಣಕ್ಕೆ ಇಡೀ ಉಳಿತಾಯವನ್ನು ಮಂದಿರಕ್ಕೆ ಬರೆದುಕೊಡಲು ಕುಳಿತರು. “ಸಿಟ್ಟಲ್ಲಿ ಕೊಟ್ಟಿದ್ದು ಮಂದಿರಕ್ಕೆ ದಕ್ಕಲ್ಲಮ್ಮ. ಸಿಟ್ಟನ್ನ ಮನೇಲಿ ಖರ್ಚು ಮಾಡಿ ಬನ್ನಿ” ಎಂದು ಕಾರ್ಯದರ್ಶಿಗಳು ಅವರನ್ನು ವಾಪಸು ಕಳಿಸಿದರು. ಮುಂದಿನ ಬಾರಿ ಅವರು ಬಂದದ್ದು ಸೊಸೆಯ ಜೊತೆಗೆ. ಇಬ್ಬರೂ ದಾರಿಯುದ್ದಕ್ಕೂ ಜಗಳವಾಡಿಕೊಂಡೇ ಬಂದಿದ್ದರಂತೆ. ಆದರೂ ಮಂದಿರಕ್ಕೆ ಎಷ್ಟು, ಮನೆಗೆ ಎಷ್ಟು ಎಂಬುದನ್ನು ಇಬ್ಬರೂ ಕೂಡಿಯೇ ಹೇಳಿದರು. ಆ ಶಿಕ್ಷಕಿ ತೀರಿಕೊಂಡು ವರ್ಷಗಳಾದವು. ಪ್ರಾರ್ಥನೆಗೆ ಮೊದಲು ಬಂದು ಬೆಂಚುಗಳನ್ನು ಒರೆಸಿಡುವವಳು ಇಂದಿಗೂ ಅದೇ ಸೊಸೆ.

ಆದರೆ ಈ ಹಠಕ್ಕೆ ಬೆಲೆಯನ್ನೂ ತೆತ್ತಿದ್ದೇವೆ. ಆಸ್ಪತ್ರೆಯ ಎದುರಿಗಿದ್ದ ಗಡಿಯಾರ ರಿಪೇರಿಯ ಅಜ್ಜನವರ ಪ್ರಸಂಗವನ್ನು ಯಾವ ಅಭಿನಂದನ ಸಮಿತಿಯೂ ಮುಚ್ಚಿಡಲಾರದು. ಹೆಂಡತಿಯನ್ನು ಕಳೆದುಕೊಂಡು, ದೂರವಾದ ಮಗನೊಡನೆ ಮಾತು ಬಿಟ್ಟಿದ್ದ ಆ ಅಜ್ಜ, ತಮ್ಮ ಅಂಗಡಿ ಮತ್ತು ಅದರ ಮೇಲಿನ ಮನೆಯನ್ನು ರೋಗಿಗಳ ಜೊತೆ ಬರುವವರು ತಂಗುವುದಕ್ಕೆಂದು ಮಂದಿರಕ್ಕೆ ಬಿಡಲು ಬಯಸಿದ್ದರು. ನನ್ನ ಕರಡು ಸಿದ್ಧವಿತ್ತು. ಕಾರ್ಯದರ್ಶಿಗಳು ಮಾತ್ರ ಎಂದಿನಂತೆ, ಮಗನಿಗೆ ಒಂದು ಮಾತು ಹೇಳಿ ಬನ್ನಿ ಎಂದರು. ಅಜ್ಜ ಹೋದರು, ಹೇಳಲಿಲ್ಲ. ಮತ್ತೆ ಬಂದರು, ಮತ್ತೆ ಹೋದರು. “ಅವನಿಗೇನು ಹೇಳೋದು, ಅವನೇನು ನಂಗೆ ಹೇಳಿ ಹೋದ್ನಾ?” ಎಂದು ನಮ್ಮೆದುರೇ ಗದರಿದರು. ಹೀಗೆ ಹೋಗಿಬರುತ್ತಿದ್ದಾಗಲೇ ಒಂದು ದಿನ ಅಂಗಡಿಯಲ್ಲಿ ಕೂತಲ್ಲೇ ಅವರ ಉಸಿರು ನಿಂತಿತು. ಸಹಿಯಾಗಿರಲಿಲ್ಲ. ಮಗ ಬಂದು ಎಲ್ಲವನ್ನೂ ಮಾರಿದ. ಅಲ್ಲಿ ಈಗ ಮೊಬೈಲ್ ಅಂಗಡಿಯ ದೀಪಗಳು ಝಗಝಗಿಸುತ್ತವೆ, ರೋಗಿಗಳ ಕಡೆಯವರು ಈಗಲೂ ಆಸ್ಪತ್ರೆಯ ಜಗಲಿಯ ಮೇಲೆ ಚೀಲವನ್ನೇ ದಿಂಬು ಮಾಡಿಕೊಂಡು ಮಲಗುತ್ತಾರೆ.

ಆ ಸುದ್ದಿ ತಿಳಿದ ದಿನ ಮಂದಿರದ ಸಮಿತಿ ಕಾರ್ಯದರ್ಶಿಗಳನ್ನು ತರಾಟೆಗೆ ತೆಗೆದುಕೊಂಡಿತು. ಸಮಿತಿ ಆಡದೆ ಬಿಟ್ಟದ್ದನ್ನು ನಾನು ಆಡಿ ತುಂಬಿದೆ. ಅಡುಗೆಮನೆಯ ಕಚೇರಿಗೆ ಬಂದು, ನಿಮ್ಮ ಹಠಕ್ಕೆ ಎಷ್ಟು ಜನರ ತಲೆಯ ಮೇಲಿನ ಸೂರು ಹೋಯಿತು ನೋಡಿ ಎಂದು ಬಾಯಿಗೆ ಬಂದಂತೆ ಆಡಿದೆ. ನಾನು ದಣಿದು ಕುಳಿತ ಮೇಲೆ ಅವರು ಆ ಕಪ್ಪು ಗೋಡೆಯನ್ನು ನೋಡುತ್ತ, “ಇಲ್ಲಿ ನಮ್ಮಕ್ಕ ಅಡುಗೆ ಮಾಡ್ತಿದ್ಲು” ಎಂದರು.

ಹಾಗೆ ಅಂದು ತಿಳಿದ ಸಂಗತಿಯಿದು. ಕಚೇರಿಯಾಗಿದ್ದ ಆ ಮನೆ ಹಿಂದೆ ಅವರದೇ ಆಗಿತ್ತು. ಅವರು ಮಂದಿರದ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹುಮ್ಮಸ್ಸು ತಲೆಗೇರಿದ್ದ ಕಾಲದಲ್ಲಿ, ತಮ್ಮ ತಂದೆಯವರನ್ನೇ ಒಪ್ಪಿಸಿ ಇಡೀ ಮನೆಯನ್ನು ಮಂದಿರಕ್ಕೆ ಬರೆಸಿದ್ದರು. ಅದು ಅವರ ವೃತ್ತಿಜೀವನದ ಮೊದಲ ಉಯಿಲು. ಊರೆಲ್ಲ ಬೆನ್ನು ತಟ್ಟಿತು. ಹಾಸಿಗೆ ಹಿಡಿದ ತಂದೆಗೆ ಅನ್ನ ಕಲಸಿ ತಿನ್ನಿಸಿ, ಮೈ ಒರೆಸಿ, ತಮ್ಮ ಮದುವೆಯ ಮಾತನ್ನೇ ಮರೆತು ಮನೆ ನಡೆಸುತ್ತಿದ್ದ ಅಕ್ಕನಿಗೆ ಮಾತ್ರ ಒಂದು ಮಾತೂ ಹೇಳಿರಲಿಲ್ಲ. ಹೇಳಬಾರದೆಂದಲ್ಲ, ಅಕ್ಕ ಬೇಡ ಎನ್ನುವುದಿಲ್ಲವೆಂಬ ಭರವಸೆಯಿಂದ ಹೇಳಲಿಲ್ಲ. ತಂದೆ ತೀರಿಕೊಂಡ ಮೇಲೆ ಸಮಿತಿಯವರು ಬಂದು ಉಯಿಲು ಓದಿದಾಗ, ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತು ಅಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಬಂದವರಿಗೆ ನೀರು ಕೊಟ್ಟು ಕಳಿಸಿದರು. ಆಮೇಲೆ ತಮ್ಮನ ಕಡೆ ತಿರುಗಿ, “ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿದ್ನಲ್ಲೋ” ಎಂದರು. ತಮ್ಮನ ಜೊತೆ ಮನಸ್ಸು ಬಿಚ್ಚಿ ಆಡಿದ ಕೊನೆಯ ಮಾತು ಅದೇ. ಪೇಟೆಯ ಇನ್ನೊಂದು ತುದಿಯಲ್ಲಿ ಬಾಡಿಗೆಯ ಕೋಣೆ ಹಿಡಿದು, ಹೊಲಿಗೆಯಿಂದ ಜೀವನ ಸಾಗಿಸಿದರು. ನೆಂಟರ ಮದುವೆ, ಸಾವುಗಳಲ್ಲಿ ತಮ್ಮ ಎದುರಾದರೆ ಚೆನ್ನಾಗಿದ್ದೀಯಾ ಎಂದು ಕೇಳುವುದಷ್ಟೆ, ಅಲ್ಲಿಗೆ ಮಾತು ಮುಗಿಯುತ್ತಿತ್ತು.

ನಾವೆಲ್ಲ ಅವರ ದೊಡ್ಡ ಗುಣವೆಂದು ಕೊಂಡಾಡುತ್ತಿದ್ದ ಆ ನಿಯಮ ಹುಟ್ಟಿದ್ದು ಈ ನೋವಿನಿಂದ. ಕೊಟ್ಟದ್ದನ್ನು ಮರಳಿ ಕೇಳುವಂತಿರಲಿಲ್ಲ, ಕೇಳಿದರೂ ಕಳೆದ ವರ್ಷಗಳು ಮರಳುತ್ತಿರಲಿಲ್ಲ. ಹಾಗಾಗಿ ಅವರು ಅಕ್ಕನ ಅಡುಗೆಮನೆಯಲ್ಲೇ ಕುಳಿತು, ಊರಿನವರನ್ನೆಲ್ಲ ಅವರವರ ಮನೆಗೆ ಕಳಿಸುತ್ತ ಆಯುಷ್ಯ ಸವೆಸಿದರು. ಆ ದಿನದಿಂದ ನಾನು ಅವರ ಹಠವನ್ನು ಹಂಗಿಸಿಲ್ಲ. ಆದರೆ ಒಂದು ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದು ನಿಂತೇ ಇತ್ತು. ಇಷ್ಟು ಜನರನ್ನು ಕಳಿಸಿದ ನೀವು ಒಂದು ಸಲವಾದರೂ ಹೋದಿರಾ?

ಉತ್ತರ ಸಿಕ್ಕಿದ್ದು ಮೊನ್ನೆ ಮೊನ್ನೆ. ನಿವೃತ್ತಿಯ ಕಾಣಿಕೆಯಾಗಿ ಏನು ಬೇಕೆಂದು ಸಮಿತಿ ಕೇಳಿದಾಗ ಅವರು ಶಾಲು ಬೇಡ, ಫಲಕ ಬೇಡ ಎಂದರು. ಮಂದಿರದ ಪರವಾಗಿ ಯಾರಾದರೂ ಅಕ್ಕನ ಬಳಿಗೆ ಹೋಗಿ, ಅಂದು ಕೇಳದೇ ಬಿಟ್ಟ ಒಪ್ಪಿಗೆಯನ್ನು ಇಂದಾದರೂ ಕೇಳಬೇಕು, ಬೀಳ್ಕೊಡುಗೆಯ ಈ ಸಮಾರಂಭಕ್ಕೆ ಅವರನ್ನು ಕರೆತಂದು ಮೊದಲ ಸಾಲಿನಲ್ಲಿ ಕೂರಿಸಬೇಕು ಎಂದು ಕೇಳಿಕೊಂಡರು. ಸಮಿತಿಯವರ ಕಣ್ಣುಗಳು ಒದ್ದೆಯಾದವು. ಮಂದಿರದ ಗುರುಗಳು, ಖಜಾಂಚಿಗಳು ಮತ್ತು ನಾನು ಹಣ್ಣುಗಳೊಂದಿಗೆ ಹೊರಟೆವು.

ಅಕ್ಕನವರ ಕೋಣೆ ಕಿರಿದು, ಅಷ್ಟೇ ಅಚ್ಚುಕಟ್ಟು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಕಣ್ಣು ಮಂಜಾಗಿ ಹೊಲಿಗೆ ನಿಲ್ಲಿಸಿದ್ದಾರಂತೆ. ಗುರುಗಳು ಬಹಳ ಗೌರವದಿಂದ ಬಂದ ವಿಷಯವನ್ನು ಹೇಳಿದರು. ಅಕ್ಕ ಪೂರ್ತಿ ಕೇಳಿಸಿಕೊಂಡರು. ಅಂದಿನಂತೆಯೇ ಎದ್ದು ಎಲ್ಲರಿಗೂ ನೀರು ಕೊಟ್ಟರು.

“ಆಗ್ಲೂ ಸಮಿತಿಯವರೇ ಬಂದಿದ್ರು, ಈಗ್ಲೂ ನೀವೇ ಬಂದಿದ್ದೀರಿ” ಎಂದರು. “ಊರೋರಿಗೆಲ್ಲ ನೀವೇ ಹೋಗಿ ಹೇಳಿ ಅಂತಾನಂತೆ. ನಂಗೂ ಕಿವಿ ಇದೆ. ಅವನಿಗೇನು ಕಾಲಿಲ್ವಾ?”

ನಾವು ಹೊರಡಲು ಎದ್ದಾಗ ಅಕ್ಕ ನನ್ನ ಕೈ ಹಿಡಿದು ಬಾಗಿಲ ಬಳಿ ನಿಲ್ಲಿಸಿಕೊಂಡರು. “ಬರೋದಾದ್ರೆ ಊಟಕ್ಕೆ ಬರ್ಲಿ ಅನ್ನಮ್ಮ. ಮನೆ ಮಾತು, ಮಂದಿರದ ಮಾತು ಯಾವುದೂ ಬೇಡ. ಸುಮ್ನೆ ಬಂದು ಉಂಡು ಹೋಗ್ಲಿ.” ಇದನ್ನು ಪುಸ್ತಕದಲ್ಲಿ ಬರೆಯಬಹುದೇ ಎಂದು ಕೇಳಿದೆ. “ಬರಿ. ಅವನು ಅಚ್ಚಾಗಿದ್ದನ್ನ ಮಾತ್ರ ನಂಬೋನು” ಎಂದು ಮೊದಲ ಬಾರಿಗೆ ನಕ್ಕರು.

ಆ ಮಾತನ್ನು ನಾನು ಅದೇ ಸಂಜೆ ಕಾರ್ಯದರ್ಶಿಗಳಿಗೆ ಮುಟ್ಟಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಆ ಗೋಡೆಯ ಕಡೆ ತಿರುಗಿದರು. ಆಮೇಲೆ, “ಈ ಸಮಾರಂಭ ಒಂದು ಮುಗೀಲಿ ಲಾಯರಮ್ಮ, ಹೋಗ್ತೀನಿ” ಎಂದರು. ಗಡಿಯಾರದ ಅಜ್ಜನವರೂ ಅದೇ ಮೇಜಿನ ಎದುರು ಕುಳಿತು ಹೀಗೇ ಮುಂದೂಡುತ್ತಿದ್ದುದು ನನಗೆ ನೆನಪಾಯಿತು. ಬಾಯಿಬಡುಕಿಯಾದ ನನಗೂ ಅದನ್ನು ಎದುರಿಗೆ ಹೇಳಲು ಧೈರ್ಯ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಾನ್ಯರೇ, ತಾವು ನೂರ್ಕಾಲ ಬಾಳಬೇಕು. ತಮ್ಮ ಅಕ್ಕನವರೂ ತಮ್ಮಷ್ಟೇ ಕಾಲ ಗಟ್ಟಿಮುಟ್ಟಾಗಿರಬೇಕು. ಮಂದಿರದ ಕೆಲಸದಿಂದ ತಮಗೆ ಬಿಡುಗಡೆಯಾಗುತ್ತಿದೆ, ತಮ್ಮ ಸ್ವಂತದ ಒಂದು ಕೆಲಸ ಮಾತ್ರ ಉಳಿದಿದೆ. ಈ ಸಂಪುಟ ತಮ್ಮ ಕೈ ಸೇರುವ ಹೊತ್ತಿಗೆ ಸಭೆಯಲ್ಲಿ ಭಾಷಣಗಳು ಇನ್ನೂ ನಡೆಯುತ್ತಿರುತ್ತವೆ. ನಡೆಯಲಿ, ನಾವು ಹೇಗೋ ಸಂಭಾಳಿಸುತ್ತೇವೆ. ಈ ಪುಟದವರೆಗೆ ಓದಿದ್ದರೆ ಪುಸ್ತಕ ಮುಚ್ಚಿ ಏಳಿ. ಅಲ್ಲಿ ಒಬ್ಬರು ಒಂದು ತಟ್ಟೆ ಹೆಚ್ಚಿಗೆ ಇಟ್ಟುಕೊಂಡು ಕಾಯುತ್ತಿದ್ದಾರೆ. ನಾಳೆ ಬೇಡ, ಇವತ್ತೇ ಹೋಗಿ. ಬೇರೆಯವರ ಕೈಲಿ ಹೇಳಿಸಬೇಡಿ, ನೀವೇ ಹೋಗಿ.