ಬಿದಿರಿನ ಪಾಸಿಗೆ ಎರಡು ದಿನ, ಮೂರು ಊರು

ನಿಟ್ಟೂರಿನಿಂದ ಹೊಸನಗರಕ್ಕೆ ಹೋಗಲು ಏಳಕ್ಕೆ ಬರಬೇಕಾದ ಬಸ್ಸು ಎಂಟಕ್ಕೆ ಬಂತು. ಹತ್ತುವ ಮೊದಲೇ ನನ್ನ ತಾಳ್ಮೆ ಅರ್ಧ ಮುಗಿದಿತ್ತು. ಎಂಬತ್ತರ ದಶಕದ ನಡುವಿನ ಮಾತಿದು. ಯುಗಾದಿ ಕಳೆದು ವಾರವಾಗಿತ್ತು. ಅಂದು ಶುಕ್ರವಾರ, ಭಾನುವಾರಕ್ಕೆ ಮಾರ್ಚ್ ಮುಗಿಯುತ್ತಿತ್ತು. ನಾನು ಆಗ ನಿಟ್ಟೂರಿನ ಮಹಿಳಾ ಸಮಾಜದಲ್ಲಿ ಹೊಲಿಗೆ ಟೀಚರ್, ದಾವಣಗೆರೆ ಕಡೆಯಿಂದ ಬಂದವಳು. ಜೊತೆಗಿದ್ದವಳು ಮೇದರ ಕೇರಿಯ ನಿಂಗಮ್ಮ. ಬಿದಿರಿನ ಬುಟ್ಟಿ, ಮೊರ ಹೆಣೆಯುವುದರಲ್ಲಿ ಅವಳನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ.

ಮಳೆ ಹಿಡಿದರೆ ಅವಳೂ ಕೇರಿಯ ಇನ್ನೈದು ಹೆಂಗಸರೂ ಒಣ ಜಾಗವಿಲ್ಲದೆ ಕೆಲಸ ನಿಲ್ಲಿಸಿ ಕೂರಬೇಕು. ನಾಲ್ಕು ತಿಂಗಳು ಸಂಪಾದನೆ ಇಲ್ಲ. ಕುಶಲಕರ್ಮಿಗಳಿಗೆ ಶೆಡ್ ಕಟ್ಟಲು ಸರ್ಕಾರ ಸಹಾಯಧನ ಕೊಡುತ್ತದೆಂದು ಪೇಪರಿನಲ್ಲಿ ಓದಿ, ಅವರ ಪರವಾಗಿ ಅರ್ಜಿ ಬರೆದವಳು ನಾನು. ಎಂಟು ತಿಂಗಳು ಕಾಯಿಸಿ, ಮಂಜೂರಾಗಿದೆ, ಬನ್ನಿ ಎಂದು ಹೊಸನಗರದ ಕಚೇರಿಯವರು ಒಂದು ಕಾರ್ಡು ಹಾಕಿದ್ದರು.

ನಗರ ಎಂಬ ಊರಿನ ಮೇಲೆ ಹಾದು ಹೊಸನಗರ ಮುಟ್ಟುವಾಗ ತಲೆಯೆಲ್ಲ ಕೆಂಧೂಳು. ಕಚೇರಿಯ ಗುಮಾಸ್ತ ಕಡತ ತೆಗೆದು, "ಎರಡು ಕೆಲ್ಸ ಬಾಕಿ ಇದೆಯಲ್ಲಮ್ಮ" ಎಂದ. ಕಸುಬು ನಡೆಯುತ್ತಿದೆ ಎಂಬುದಕ್ಕೆ ಸಾಗರದ ಅರಣ್ಯ ಕಚೇರಿಯಿಂದ ಬಿದಿರು ಕಡಿಯುವ ಪಾಸು ತರಬೇಕು. ಆಮೇಲೆ ವಿಸ್ತರಣಾಧಿಕಾರಿಯ ಸಹಿ ಬೇಕು. ಅವರು ಎಲ್ಲಿ ಎಂದು ಕೇಳಿದರೆ ತೀರ್ಥಹಳ್ಳಿಯಲ್ಲಿ ಕ್ಯಾಂಪು.

"ಇದನ್ನ ಕಾರ್ಡಿನಲ್ಲೇ ಬರೀಬಹುದಿತ್ತಲ್ಲ?"

"ಕಾರ್ಡಲ್ಲಿ ಜಾಗ ಎಲ್ಲಿರ್ತದೆ? ನಾಳೆ ಸಂಜೆ ಒಳಗೆ ಸಹಿ ಆಗ್ಲಿಲ್ಲ ಅಂದ್ರೆ ದುಡ್ಡು ವಾಪಸ್ ಹೋಗ್ತದೆ ನೋಡಿ."

ನನಗೆ ಮೈಯೆಲ್ಲ ಉರಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಸುಮ್ಮನೆ ಹೇಳಿಲ್ಲ. ನಿಂಗಮ್ಮ ಮಾತ್ರ ಮಡಿಲಿನಿಂದ ಎಲೆಯಡಿಕೆ ತೆಗೆದು, "ಹೋಗನ ನಡೀರಿ ಟೀಚ್ರೇ, ಬಸ್ಸು ತಪ್ತದೆ" ಎಂದಳು. ಹೋಟೆಲಿನಲ್ಲಿ ಅವಲಕ್ಕಿ ತಿಂದು ಚಹಾ ಕುಡಿದೆವು. ಅವಲಕ್ಕಿಗೆ ಉಪ್ಪೇ ಇರಲಿಲ್ಲ.

ಬಟ್ಟೆಮಲ್ಲಪ್ಪದ ದಾರಿಯಲ್ಲಿ ಸಾಗರದ ಬಸ್ಸಿನ ಟೈರು ಪಂಚರ್ ಆಗಿ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತೆವು. ಸಾಗರದ ಅರಣ್ಯ ಕಚೇರಿ ಸೇರಿದಾಗ ನಾಲ್ಕೂವರೆ. ಅಲ್ಲಿಯ ಗುಮಾಸ್ತರು ವಯಸ್ಸಾದವರು, ಮರ್ಯಾದಸ್ಥರು. ಪಾಸಿನ ಹಾಳೆ ತೆಗೆದು, ಮೂರು ದಿನದ ಅವಧಿ, ಯಾವ ತಾರೀಖಿನಿಂದ ಬರೆಯಲಿ ಎಂದು ಕೇಳಿದರು. ನಿಂಗಮ್ಮ ನನ್ನ ಸೆರಗು ಹಿಡಿದು, "ಟೀಚ್ರೇ, ಒಂದ್ ಮಾತು" ಎಂದಳು. ಬಾಗಿಲು ಹಾಕುವ ಹೊತ್ತು, ಇವಳದು ಎಂಥ ಮಾತು ಎಂದು ರೇಗಿತು. "ನೀನು ಸ್ವಲ್ಪ ಸುಮ್ನಿರು ಮಾರಾಯ್ತಿ" ಎಂದು ಗದರಿ, "ನಾಳೆಯಿಂದಲೇ ಬರೆಯಿರಿ ಸ್ವಾಮಿ" ಎಂದೆ. ಅವರು ಮುದ್ರೆ ಒತ್ತಿ ಕೊಟ್ಟರು. ಅಂದು ರಾತ್ರಿ ನನ್ನ ಪರಿಚಯದ ನರ್ಸ್ ಒಬ್ಬರ ಮನೆಯಲ್ಲಿ ಉಳಿದೆವು. ನಾನು ಗೆದ್ದವಳ ಹಾಗೆ ನಿದ್ದೆ ಮಾಡಿದೆ.

ಶನಿವಾರ ಬೆಳಗ್ಗೆ ಬನ್ಸು, ಕಾಫಿ ಮುಗಿಸಿ ರಿಪ್ಪನ್‌ಪೇಟೆ, ಕೋಣಂದೂರು ಮಾರ್ಗದ ಬಸ್ಸು ಹಿಡಿದೆವು. ಒಬ್ಬೊಬ್ಬರಿಗೆ ಐದು ರೂಪಾಯಿ ಚಿಲ್ಲರೆ. ರಿಪ್ಪನ್‌ಪೇಟೆ ದಾಟಿದ ಮೇಲೆ ನಿಂಗಮ್ಮ ಬಾಯಿ ಬಿಟ್ಟಳು.

"ಈ ಮೂರು ದಿನ ಬಿದಿರು ಕಡಿಯಕ್ಕಾಗಲ್ಲ ಟೀಚ್ರೇ. ಚಂದ್ರ ಬೆಳೀತಾ ಇದಾನೆ. ಈಗ ಕಡಿದ್ರೆ ಕುಟ್ಟೆ ಹುಳ ಬೀಳ್ತದೆ. ನಾವು ಕಡಿಯದು ಅಮಾಸೆ ಹಿಂದೆಮುಂದೆ."

"ಇದನ್ನ ನಿನ್ನೆ ಹೇಳೋಕೆ ಏನಾಗಿತ್ತು?" ಎಂದೆ. ಅವಳು ನನ್ನ ಮುಖ ನೋಡಿದಳು. ನನಗೆ ಇನ್ನೂ ಸಿಟ್ಟು ಬಂತು. ಚಂದ್ರನಿಗೂ ಬುಟ್ಟಿಗೂ ಏನು ಸಂಬಂಧ, ಹತ್ತು ಬಿದಿರು ಕಡಿದು ತೋರಿಸು, ಆಮೇಲೆ ಒಲೆಗೆ ಹಾಕು ಎಂದೆಲ್ಲ ಕೂಗಾಡಿದೆ.

"ಬಿದಿರು ಮನೆಗೆ ಬಂದ್ರೆ ಒಲೆಗೆ ಹಾಕಕ್ಕೆ ಯಾರಿಗೆ ಮನಸ್ಸು ಬರ್ತದೆ? ಯಾರಾದ್ರೂ ಹೆಣೆದೇ ಹೆಣೀತಾರೆ. ದೀಪಾವಳಿಗೆ ಬುಟ್ಟಿ ಪುಡಿ ಆದ್ರೆ ಜನ ನಮ್ ಮುಖಕ್ಕೆ ಎಸೀತಾರೆ" ಎಂದಳು. ಸಹಿಯ ಹೊತ್ತಿಗೆ ಮೆತ್ತಗಾಗುತ್ತಾಳೆ ಎಂದು ನಾನು ನಂಬಿದ್ದೆ.

ತೀರ್ಥಹಳ್ಳಿಯಲ್ಲಿ ಅಧಿಕಾರಿ ಊಟಕ್ಕೆ ಹೋಗಿದ್ದರು. ಎರಡು ಗಂಟೆ ಬೆಂಚಿನ ಮೇಲೆ ಕೂತೆವು. ಬಂದವರು ಕಾಗದ ನೋಡಿ, ಸಹಿ ಮಾಡಲು ಪೆನ್ನು ತೆಗೆದೇ ಬಿಟ್ಟರು. "ಪಾಸಿನ ಅವಧಿಯಲ್ಲಿ ಬಿದಿರು ಕಡಿಯುತ್ತೇನೆ ಅಂತ ಇಲ್ಲಿ ಹೆಬ್ಬೆಟ್ಟು ಹಾಕಮ್ಮ. ಸೋಮವಾರ ಬಂದು ದಾಸ್ತಾನು ನೋಡ್ತೀನಿ."

ನಿಂಗಮ್ಮ ಶಾಯಿಯ ಪ್ಯಾಡನ್ನೇ ನೋಡುತ್ತ ನಿಂತಳು. ಕೈ ಮುಂದೆ ಬರಲಿಲ್ಲ. "ಈ ಪಕ್ಷದಲ್ಲಿ ಕಡಿಯಲ್ಲ ಸಾಯೇಬ್ರೆ. ಸುಳ್ಳಿಗೆ ಹೆಬ್ಬೆಟ್ಟು ಹಾಕಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಅಲ್ಲಮ್ಮ, ಅಮಾವಾಸ್ಯೆ ಹತ್ತಿರದ ತಾರೀಖು ಬರೆಸ್ಕೊಂಡು ಬರೋದಲ್ವಾ? ಮಂಡಗದ್ದೆ ಕಡೆಯ ಮೇದರೆಲ್ಲ ಹಾಗೇ ಬರೆಸ್ತಾರೆ. ಆಗ ಇವತ್ತು ಸಹಿ ಹಾಕಿ, ದಾಸ್ತಾನು ಆಮೇಲೆ ನೋಡ್ತಿದ್ದೆ. ಈಗ ಸಾಗರಕ್ಕೆ ಹೋಗಿ ತಿದ್ದಿಸೋಕೆ ಹೊತ್ತೆಲ್ಲಿದೆ? ಈ ತಾರೀಖು ಹೇಳಿದ್ದು ಯಾರು?"

ಎರಡು ದಿನದಿಂದ ಎಲ್ಲರನ್ನೂ ಬೈದುಕೊಂಡು ಬಂದವಳಿಗೆ ಒಂದು ಶಬ್ದ ಹೊರಡಲಿಲ್ಲ.

"ನಾನೇ ಹೇಳಿದ್ದು" ಎಂದಳು ನಿಂಗಮ್ಮ. "ಓದು ಬರಲ್ಲ ನೋಡಿ, ತಿಳೀಲಿಲ್ಲ."

ಅಧಿಕಾರಿ ಕಡತ ಮುಚ್ಚಿದರು. ಹೊಸನಗರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಅವಳನ್ನು ಕೂರಿಸಿ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

"ಕೇರಿಗೆ ಅರ್ಜಿ ಬರ್ಕೊಡೋರು ನೀವೊಬ್ರೇ. ಆಫೀಸಲ್ಲಿ ನಿಮ್ ಮಾತಿಗೆ ಬೆಲೆ ಉಳೀಬೇಕು. ನಂದು ಹೋದ್ರೆ ಎಂತ ಆಗ್ತದೆ?"

ನಿಟ್ಟೂರಿನಲ್ಲಿ ಇಳಿದಾಗ ಐದೂ ಹೆಂಗಸರು ರಸ್ತೆಯಲ್ಲೇ ಕಾದಿದ್ದರು. ಅವರಿಗೂ ನಿಂಗಮ್ಮ, ತಾರೀಖು ಹೇಳಿದ್ದು ತಾನೇ ಎಂದಳು. ಅವರಲ್ಲೊಬ್ಬಳು, "ಟೀಚರ್ ಅಷ್ಟು ಓಡಾಡಿದ್ರೂ ಹಾಳ್ ಮಾಡ್ದೆಯಲ್ಲೇ" ಎಂದು ಅವಳನ್ನು ಬೈದಳು. ನಾನು ಅಲ್ಲೇ ನಿಂತು ಕೇಳಿಸಿಕೊಂಡೆ. ಕೇರಿಗೆ ಹೋಗಿ ನಿಜ ಹೇಳಲು ನನಗೆ ನಾಲ್ಕು ದಿನ ಹಿಡಿಯಿತು.